ಹೊಸ್ತಿಲಿಗೆಂದು ಇಟ್ಟ ಕಾಯಿ

ನಮ್ಮ ಮನೆಯಲ್ಲಿ ಕೂಸು ಮೊದಲ ಸಲ ತಾನಾಗಿ ಹೊಸ್ತಿಲು ದಾಟಿದ ದಿನ ಅಲ್ಲೇ ತೆಂಗಿನಕಾಯಿ ಒಡೆದು ಓಣಿಗೆಲ್ಲ ಹಂಚಬೇಕು. ಯಾರೂ ನೋಡದಾಗ ದಾಟಿ, ಕಾಯಿ ಒಡೆಯುವುದು ತಪ್ಪಿಹೋದರೆ ಅಪಶಕುನವಂತೆ. ಹಾಗಾಗಿ ನನ್ನ ಮಗಳು ಉರುಳುತ್ತ ಬಾಗಿಲ ಕಡೆ ಹೋದರೆ ಸಾಕು, ಅತ್ತೆ ಗಪ್ಪನೆ ಎತ್ತಿ ಸೊಂಟದ ಮೇಲೆ ಕೂರಿಸಿಕೊಳ್ಳುತ್ತಿದ್ದರು. ದೇವರ ಮಾಡದಲ್ಲಿ ಕಾಯಿ ಕಾಯುತ್ತಿತ್ತು. ಒಳಗಿನ ನೀರು ಇಂಗಿದರೆ ಅದು ಚಟ್ನಿಗೆ ಹೋಗುತ್ತಿತ್ತು, ಹೊಸದು ಬರುತ್ತಿತ್ತು.

ಮಗಳಿಗೆ ಹದಿನಾಲ್ಕು ತಿಂಗಳು ತುಂಬಿತು. ಅಂಬೆಗಾಲೂ ಇಲ್ಲ, ಹಿಡಿದು ನಿಲ್ಲುವುದೂ ಇಲ್ಲ.

ನಮ್ಮೂರು ನೇಸರಗಿಯಿಂದ ಬಸ್ಸು ಹತ್ತಿ ಬೈಲಹೊಂಗಲದ ಡಾಕ್ಟರಿಗೆ ತೋರಿಸಿದೆ. 'ಏನೂ ಆಗಿಲ್ರೀ. ಕೆಲವು ಕೂಸು ತಡಾ ಮಾಡತಾವ. ಒಂದೂವರಿ ವರ್ಷದ ತನಕಾ ಕಾಯ್ರಿ' ಅಂದರು. ಎದೆ ಹಗುರಾಯಿತು, ಆದರೆ ಎಂಟು ದಿನವೂ ಹಗುರಾಗಿ ಉಳಿಯಲಿಲ್ಲ. ಧಾರವಾಡಕ್ಕೆ ಓಡಿದೆ. ಅಲ್ಲಿಯ ಡಾಕ್ಟರಮ್ಮ ಕೂಸಿನ ಕಾಲು ಮಡಚಿ ಬಿಡಿಸಿ ನೋಡಿ ಹುಬ್ಬು ಗಂಟಿಕ್ಕಿದರು. 'ಎಡಗಾಲು ಬಿಗಿ ಐತಿ. ತಲೀದು ಸ್ಕ್ಯಾನ್ ಮಾಡಸ್ರಿ. ಕಾಯ್ರಿ ಅಂತ ಹೇಳಿದವರ್ಯಾರು?' ಅಯ್ಯೋ ಶಿವನೇ, ಹೇಳಿದವರೂ ನಿಮ್ಮಂಥ ಡಾಕ್ಟರೇ ತಾಯಿ! ಎಂದುಕೊಳ್ಳುತ್ತ ಕೂಸನ್ನು ಎತ್ತಿಕೊಂಡು ಹೊರಗೆ ಬಂದೆ.

ತಲೆಯ ಸ್ಕ್ಯಾನಿನಲ್ಲಿ ಏನು ಕಾಣುವುದೋ ಎಂದು ಹೆದರಿದೆ. ಮಾಡಿಸಲಿಲ್ಲ. ಸವದತ್ತಿಯಲ್ಲಿ ಮಕ್ಕಳಿಗೆ ವ್ಯಾಯಾಮ ಮಾಡಿಸುವವರೊಬ್ಬರಿದ್ದಾರೆ ಎಂದು ಕೇಳಿ ಅಲ್ಲಿಗೆ ಹೋದೆ. 'ಬಿಗಿ ಗಿಗಿ ಏನಿಲ್ಲ ಅಕ್ಕಾರ. ಎತ್ಕೊಂಡು ಎತ್ಕೊಂಡು ನೀವ ರೂಢಿ ಕೆಡಿಸೀರಿ. ನೆಲಕ್ಕ ಬಿಡ್ರಿ, ತಾನ ಹೋಗತೈತಿ' ಅಂದರು ಅವರು.

ನನಗೆ ಬೇಕಾಗಿದ್ದದ್ದು ಈ ಮಾತೇ. ರೋಗವಾದರೆ ಯಾರ ಕೂಡ ಜಗಳ ತೆಗೆಯಲಿ? ತಪ್ಪು ಅತ್ತೆಯದಾದರೆ ತಿದ್ದಬಹುದಲ್ಲ. ಮನೆಗೆ ಬಂದವಳು ಚಪ್ಪಲಿ ಕೂಡ ಬಿಡದೆ ಓಣಿಗೆಲ್ಲ ಕೇಳುವಂತೆ ಒದರಿದೆ. 'ನಿಮ್ಮ ಕಾಯಿ ಸಲುವಾಗಿ ನನ್ನ ಮಗಳ ಕಾಲು ಹಾಳಾತು!' ಅತ್ತೆ ಅಂದಿನಿಂದ ಕೂಸನ್ನು ಎತ್ತುವುದನ್ನೇ ಬಿಟ್ಟರು. ದೂರ ಕುಳಿತು ಜೋಳ ಹಸನು ಮಾಡುತ್ತ ನೋಡುತ್ತಿದ್ದರು.

ನಾನು ಮಗಳನ್ನು ನೆಲಕ್ಕೆ ಬಿಟ್ಟೆ. ಅವಳು ಎರಡೂ ಕೈ ಚಾಚಿ ಅಳುತ್ತಿದ್ದಳು. ಎತ್ತಿಕೊಳ್ಳಬಾರದೆಂದು ಅಡುಗೆಮನೆಗೆ ಹೋಗಿ ನಾನೂ ಅಳುತ್ತಿದ್ದೆ. ಯಾರ ಮಾತು ಖರೆ, ಯಾರದು ಸುಳ್ಳು? ತಿಂಗಳು ಹೀಗೇ ಕಳೆಯಿತು.

ಒಂದು ಮುಂಜಾನೆ ಪಕ್ಕದ ಮನೆಯ ಆಡಿನ ಮರಿ ನಮ್ಮ ಅಂಗಳಕ್ಕೆ ಬಂತು. ಮಗಳು ಅದನ್ನು ನೋಡಿ ತೆವಳಿಕೊಂಡು ಹೊಸ್ತಿಲಿಗೆ ಬಂದಳು, ಕೈ ಊರಿದಳು, ದಾಟಿದಳು. 'ದಾಟಿದ್ಲ! ದಾಟಿದ್ಲ!' ಎಂದು ಓಣಿಯ ಹೆಂಗಸರು ಕೂಗಿದರು. ಅತ್ತೆ ಕಾಯಿ ತಂದು ಒಡೆದರು.

ನಾನು ಕಾಲನ್ನೇ ನೋಡುತ್ತಿದ್ದೆ. ಎರಡು ಕೈ, ಬಲಗಡೆಯ ಮೊಣಕಾಲು, ಇಷ್ಟೇ ದಾಟಿದ್ದವು. ಎಡಗಾಲಿನ ಪಾದ ಹೊಸ್ತಿಲಿಗೆ ಸಿಕ್ಕಿ ಒಳಗೇ ಉಳಿದಿತ್ತು. ಮಗಳು ತಿರುಗಿ, ಕೈಯಿಂದ ಆ ಕಾಲನ್ನು ಎತ್ತಿ ಈಚೆಗೆ ಇಟ್ಟುಕೊಂಡಳು.

ಎಲ್ಲರಿಗೂ ಹಂಚಿದ ಮೇಲೆ ಅತ್ತೆ ನನ್ನ ಅಂಗೈಗೆ ಒಂದು ಚೂರು ಇಟ್ಟರು. 'ಆ ಕಾಲು ನಾ ಮೊದಲಿಂದ ನೋಡಾಕತ್ತೇನಿ' ಎಂದರು ಮೆಲ್ಲಗೆ. 'ನಾಕು ಮಂದಿ ಕಣ್ಣಿಗಿ ಬೀಳಬಾರದಂತ ಎತ್ಕೋತಿದ್ನಿ. ಕಾಯಿ ಬರೇ ನೆವ ಯವ್ವಾ. ನಾಳಿಗಿ ಧಾರವಾಡಕ್ಕ ಹೋಗೂಣು, ನಾನೂ ಬರತೇನಿ.'

ಚೂರನ್ನು ಬಾಯಿಗೆ ಹಾಕಿಕೊಂಡೆ. ಮಗಳನ್ನು ಎತ್ತಿ ಅತ್ತೆಯ ಸೊಂಟದ ಮೇಲೆ ಕೂರಿಸಿದೆ.