ರೇಡಿಯೋ ಅಣ್ಣ ಓದದೆ ಬರೆದ ಬೋರ್ಡು

ನನ್ನ ಬೀಗ ರಿಪೇರಿ ಅಂಗಡಿಯ ಪಕ್ಕದಲ್ಲೇ ಬೋರ್ಡು ಬರೆಯುವ ರೇಡಿಯೋ ಅಣ್ಣನ ಅಂಗಡಿ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಆದರೆ ಅದನ್ನು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಬೆಳಿಗ್ಗೆ ಅಂಗಡಿ ಬಾಗಿಲು ತೆರೆದನೆಂದರೆ ಬಾಯಿಯೂ ತೆರೆಯಿತು. ಅವನ ಮಾತಿಗೆ ತಲೆಬುಡ ಇರುತ್ತಿರಲಿಲ್ಲ, ಆದರೂ ಅದು ಕಿವಿಗೆ ಬೀಳದಿದ್ದರೆ ನನಗೆ ಕೆಲಸಕ್ಕೆ ಕೈಯೇ ಓಡುತ್ತಿರಲಿಲ್ಲ. ಅವನ ಹೆಂಡತಿ, ಅಂದರೆ ನನ್ನ ಬಾಯಲ್ಲಿ ಅತ್ತಿಗೆ, ಮಧ್ಯಾಹ್ನ ಊಟದ ಡಬ್ಬಿ ತಂದಾಗ ಒಂದು ಸುತ್ತು ಜಗಳ ಆಡಿಯೇ ಹೋಗುತ್ತಿದ್ದರು. "ಇವರ ಬಾಯಿಗೊಂದು ಬೀಗ ಮಾಡ್ಕೊಡಪ್ಪಾ, ಪುಣ್ಯ ಬರುತ್ತೆ" ಅಂತ ನನಗೆ ದಿನಾ ಹೇಳುತ್ತಿದ್ದರು.

ಅವನು ಬರೆಯುವ ರೀತಿಯೇ ಬೇರೆ. ಉಳಿದವರು ಪದ ಪದವಾಗಿ ಬರೆದರೆ, ಇವನು ಮೊದಲು ಹಲಗೆ ತುಂಬ ಬರೀ ತಲೆಕಟ್ಟು ಎಳೆಯುತ್ತಿದ್ದ. ಆಮೇಲೆ ಅಕ್ಷರದ ಮೈ, ಕಟ್ಟಕಡೆಗೆ ಕೊಂಬು, ಒತ್ತು. "ಓದ್ತಾ ಬರೆದ್ರೆ ಕೈ ಅವಸರ ಮಾಡುತ್ತೆ ಕಣೋ. ಅರ್ಥ ಓದೋರಿಗಿರಲಿ, ನನಗೆ ಗೆರೆ ಸಾಕು" ಅನ್ನುತ್ತಿದ್ದ. ಹೀಗಾಗಿ ಊರಿನ ಅರ್ಧ ಬೋರ್ಡುಗಳನ್ನು ಬರೆದವನು ಒಂದನ್ನೂ ಓದಿರಲಿಲ್ಲ. ಸರ್ಕಾರಿ ಕ್ಲಿನಿಕ್ಕಿನ ಹಜಾರದಲ್ಲಿರುವ 'ರೋಗಿಗಳ ಹಕ್ಕುಗಳು' ಎಂಬ ದೊಡ್ಡ ಹಲಗೆಯೂ ಅವನ ಕೈಯದೇ.

ಅದೇ ಕ್ಲಿನಿಕ್ಕಿಗೆ ಅವನು ಗಂಟಲು ಕಟ್ಟಿದೆ ಎಂದು ಹೋದ. ಡಾಕ್ಟರು ದೇವರಂಥವರು ಎಂದು ಅವನೇ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ. ಅವರು ಗಂಟಲಿನೊಳಗಿಂದ ಒಂದು ಚೂರು ತೆಗೆಸಿ ಪರೀಕ್ಷೆಗೆ ಕಳಿಸಿದರು. ವರದಿ ಬಂದ ದಿನ, "ನೀವು ಹೊರಗೆ ಕೂತಿರಿ, ಮನೆಯವರು ಒಳಗೆ ಬರಲಿ" ಅಂದರು. ಅತ್ತಿಗೆ ಮತ್ತು ಅವನ ತಮ್ಮ ಒಳಗೆ ಹೋದರು. ಇವನು ತಾನೇ ಬರೆದ ಹಲಗೆಯ ಕೆಳಗೆ ಕೂತು ಪಕ್ಕದವರಿಗೆ ಯಾವುದೋ ಕಥೆ ಹೇಳುತ್ತಿದ್ದ. ಹೊರಗೆ ಬಂದ ತಮ್ಮ, "ಬಣ್ಣದ ವಾಸನೆಗೆ ಆದ ಹುಣ್ಣಂತೆ ಅಣ್ಣ, ಮಾತ್ರೇಲೇ ವಾಸಿಯಾಗುತ್ತಂತೆ" ಅಂದ.

ಅಂದಿನಿಂದ ಅತ್ತಿಗೆ ಜಗಳ ಆಡುವುದನ್ನೇ ಬಿಟ್ಟರು. ಇವನು ಏನು ಅಂದರೂ "ಹೌದು ಕಣ್ರೀ, ನೀವು ಹೇಳಿದ್ದೇ ಸರಿ." ಮೊದಮೊದಲು ಅಣ್ಣನಿಗೆ ಖುಷಿಯೋ ಖುಷಿ. "ನೋಡಿದ್ಯೇನೋ, ಕೊನೆಗೂ ಇವಳಿಗೆ ಬುದ್ಧಿ ಬಂತು." ತಿಂಗಳುಗಳು ಕಳೆದಂತೆ ಅವನೇ ಮಂಕಾದ. ದನಿಯೂ ಒಡೆದ ಮಡಕೆಯಂತಾಗಿತ್ತು. "ತಮ್ಮ ನನ್ನ ಮುಖ ನೋಡಿ ಮಾತಾಡಲ್ಲ. ಹೆಂಡ್ತಿ ಬೈಯಲ್ಲ. ಮಾತ್ರೆ ಮಾತ್ರ ಮುಗಿಯಲ್ಲ. ಏನೋ ಇದೆ ಕಣೋ" ಅಂದ. ನಾನು ಅಂಗಡಿಗೆ ಬೀಗ ಹಾಕಿ ಅವನ ಜೊತೆ ಕ್ಲಿನಿಕ್ಕಿಗೆ ಹೊರಟೆ.

ಹಜಾರದಲ್ಲಿ ಕಾಯುವಾಗ ಅಣ್ಣ ತಲೆಯೆತ್ತಿ ಹಲಗೆ ನೋಡಿದ. ಮಗ್ಗಿ ಕಲಿಯುವ ಮಗುವಿನಂತೆ ತುಟಿ ಅಲುಗಿಸುತ್ತಾ ಓದಿದ. ತನ್ನ ಕಾಯಿಲೆ ಏನೆಂದು ತಿಳಿಯುವುದು, ಯಾವ ಚಿಕಿತ್ಸೆ ಬೇಕು ಬೇಡ ಎಂದು ತಾನೇ ತೀರ್ಮಾನಿಸುವುದು ರೋಗಿಯ ಹಕ್ಕು ಎಂದಿತ್ತು.

"ಇದು ನಾನು ಬರೆದಿದ್ದೇನೋ?"

"ನೀನೇ ಅಣ್ಣ."

ಡಾಕ್ಟರ ಮುಂದೆ ಕೂತು, "ನನಗೇನಾಗಿದೆ?" ಎಂದು ಕೇಳಿದ.

"ಮನೆಯವರಿಗೆ ಎಲ್ಲಾ ಹೇಳಿದ್ದೀನಲ್ಲ."

"ಗಂಟಲು ನಂದು ಡಾಕ್ಟ್ರೇ."

ಡಾಕ್ಟರು ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು. ಕೊನೆಗೆ ಬಾಯಿಬಿಟ್ಟರು. ಕ್ಯಾನ್ಸರ್. ಗೊತ್ತಾದ ಕೂಡಲೇ ದೊಡ್ಡ ಆಸ್ಪತ್ರೆಗೆ ಹೋಗಿ ಧ್ವನಿಪೆಟ್ಟಿಗೆ ತೆಗೆಸಿದ್ದರೆ ಜೀವ ಉಳಿಯುವ ಭರವಸೆಯಿತ್ತು, ಮಾತು ಹೋಗುತ್ತಿತ್ತು. ಮನೆಯವರು ಬೇಡವೆಂದರು. ಈಗ ಹರಡಿದೆ, ಆಪರೇಷನ್ ಮಾಡಿ ಉಪಯೋಗವಿಲ್ಲ. "ಮಾತಿಲ್ದೆ ಅವರು ಬದುಕಲ್ಲ ಅಂತ ನಿಮ್ಮ ಮನೆಯವರು ಅತ್ತುಬಿಟ್ಟರು. ನೀವು ಎದೆಗುಂದಬಾರದು ಅಂತ ನಾನೂ ಸುಮ್ಮನಾದೆ" ಅಂದರು.

"ಮತ್ತೆ ಹೊರಗಿನ ಬೋರ್ಡು?"

"ಮೇಲಿನವರು ಹಾಕಿಸಿ ಅಂದ್ರು, ಹಾಕಿಸಿದ್ವಿ."

ಅಣ್ಣ ತನ್ನ ಬಲಗೈ ಎತ್ತಿ ಮೇಜಿನ ಮೇಲಿಟ್ಟ. ಉಗುರಿನ ಸಂದಿಯಲ್ಲಿ ನೀಲಿ ಬಣ್ಣವಿತ್ತು. "ನಾನು ದುಡಿಯೋದು ಇದರಲ್ಲಿ. ಬಾಯಿ ಬರೀ ಚಟಕ್ಕೆ. ಒಂದು ಮಾತು ಕೇಳಿದ್ದಿದ್ರೆ, ತೆಗೀರಿ ಅಂತಿದ್ದೆ."

ನನಗೆ ಮೈಯೆಲ್ಲ ಉರಿಯಿತು. ನಂಬಿದವರೇ ಕತ್ತು ಕೊಯ್ದರು ಅನ್ನುತ್ತಾರೆ. ಇವರು ಕೊಯ್ಯಬೇಕಾದಾಗ ಕೊಯ್ಯದೆ ಕೊಂದರು. ಅದೂ ಅವನ ಬೆನ್ನ ಹಿಂದೆ, ಬಾಗಿಲು ಹಾಕಿಕೊಂಡು.

ಮನೆಗೆ ಬಿಡಲು ಹೋದಾಗ ಅತ್ತಿಗೆಗೆ ಅವನ ಮುಖ ನೋಡಿಯೇ ತಿಳಿಯಿತು. "ನಿಮ್ಮ ಮಾತಿಲ್ದೆ ಈ ಮನೇಲಿ ಹೇಗ್ರೀ ಇರೋದು? ಒಳ್ಳೇದಕ್ಕೇ ಅಂತ ಮಾಡಿದ್ವಿ" ಎಂದು ಹೊಸ್ತಿಲಲ್ಲೇ ಕುಸಿದರು. ತಮ್ಮ ಗೋಡೆ ಕಡೆ ತಿರುಗಿ ನಿಂತ. ಅಣ್ಣ ಅವರನ್ನು ದಾಟಿಕೊಂಡು ಒಳಗೆ ಹೋದ.

ಕೊನೆಯವರೆಗೂ ಅವರಿಬ್ಬರಿಗೆ ಒಂದು ಮಾತೂ ಅನ್ನಲಿಲ್ಲ. ಕೈಲಾಗುವ ತನಕ ಅಂಗಡಿಗೆ ಬಂದ, ಗೊಗ್ಗರು ದನಿಯಲ್ಲಿ ನನ್ನ ತಲೆ ತಿಂದ. ಅತ್ತಿಗೆ ಡಬ್ಬಿ ತಂದರೆ ಮಾತ್ರ ರೇಡಿಯೋ ಬಂದ್. "ಹೋಗ್ಲಿ ಬಿಡಣ್ಣ, ಪ್ರೀತಿಗೆ ಮಾಡಿದ್ದು" ಎಂದೆ ಒಮ್ಮೆ.

"ಪ್ರೀತಿ ಇದ್ದೋರು ಕೇಳಬೇಕಿತ್ತು."

ಅವನು ಅಂಗಡಿಗೆ ಬಂದ ಕೊನೆಯ ದಿನಗಳಲ್ಲಿ ಒಂದು ಮಧ್ಯಾಹ್ನ ಅತ್ತಿಗೆ ಡಬ್ಬಿ ಇಟ್ಟು ಹೋಗದೆ ನಿಂತರು. "ಬೈಯಿರಿ. ಒಂದೇ ಒಂದು ಸಲ ಬೈದುಬಿಡಿ" ಎಂದು ಬೇಡಿದರು. ಅಣ್ಣ ಹಲಗೆಯ ಮೇಲೆ ತಲೆಕಟ್ಟು ಎಳೆಯುತ್ತಲೇ ಇದ್ದ. ಸಾಲು ಮುಗಿದ ಮೇಲೆ, ಅವರ ಕಡೆ ತಿರುಗದೆ, ನನ್ನನ್ನು ಕೇಳಿದ: "ಇವತ್ತು ಗಿರಾಕಿ ಬಂದ್ರೇನೋ?"