ಹೆಜ್ಜೆ ಎಣಿಸಿ ಪಡೆದ ಬೂಟು

ಫೋನಿನಲ್ಲಿ ಕೂತಲ್ಲೇ ನಾಲ್ಕು ಕಾಸು ಸಂಪಾದಿಸಬಹುದು ಎಂದು ನನ್ನ ತಲೆಗೆ ಹುಳ ಬಿಟ್ಟವಳು ನನ್ನ ಮಗಳು. ತಿಪಟೂರಿನಲ್ಲಿ ಹಾಸ್ಟೆಲಿನಲ್ಲಿದ್ದು ಡಿಗ್ರಿ ಓದುತ್ತಾಳೆ, ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬರುತ್ತಾಳೆ. ನಮ್ಮದು ಹುಳಿಯಾರು ಕಡೆಯ ಒಂದು ಹಟ್ಟಿ. ನಮ್ಮ ಯಜಮಾನರು ಕುರಿ ಕಾಯುತ್ತಾರೆ, ನಾನು ಬಟ್ಟೆ ಹೊಲಿಯುತ್ತೇನೆ. ಸುತ್ತಲಿನ ತೆಂಗಿನ ತೋಟದ ಮನೆಗಳ ರವಿಕೆಗಳೆಲ್ಲ ನನ್ನ ಮಿಷನ್ನಿಗೇ ಬರುತ್ತವೆ. ಆದರೆ ಆಷಾಢ ಬಂತೆಂದರೆ, ಅದರ ಮೇಲೆ ಕೊಬ್ಬರಿ ರೇಟೂ ಬಿತ್ತೆಂದರೆ, ಹೊಸ ರವಿಕೆ ಯಾರಿಗೆ ಬೇಕು? ಅಂಥ ಖಾಲಿ ದಿನಗಳಲ್ಲಿ ನಾನು ಫೋನು ಹಿಡಿದೆ.

ಮೊದಲು ಸರ್ವೆಗಳಿಂದ ಶುರು. ಪ್ರಶ್ನೆಗೆ ಉತ್ತರ ಕೊಟ್ಟರೆ ಪಾಯಿಂಟು, ಪಾಯಿಂಟು ಸೇರಿದರೆ ರೀಚಾರ್ಜು. ಕಳೆದ ಆರು ತಿಂಗಳಲ್ಲಿ ಎಷ್ಟು ಸಲ ವಿಮಾನದಲ್ಲಿ ಪ್ರಯಾಣ ಮಾಡಿದ್ದೀರಿ? ಒಂದು ಸಲವೂ ಇಲ್ಲ. ನಿಮ್ಮ ನಾಯಿಗೆ ಯಾವ ಕಂಪನಿಯ ಆಹಾರ ಕೊಡುತ್ತೀರಿ? ನಮ್ಮ ನಾಯಿಗೆ ರಾಗಿ ಮುದ್ದೆ. ಅಷ್ಟಕ್ಕೇ ಧನ್ಯವಾದ ಹೇಳಿ, ಈ ಸರ್ವೆಗೆ ನೀವು ಅರ್ಹರಲ್ಲ ಎಂದು ಹೊರಗೆ ಕಳಿಸುತ್ತಿದ್ದರು. ನಾನು ಮೊದಲೇ ಮೂಗಿನ ತುದಿಯಲ್ಲಿ ಸಿಟ್ಟಿಟ್ಟುಕೊಂಡವಳು. "ನಿಜ ಹೇಳಿದ್ರೆ ಆಚೆ ಹಾಕ್ತಾರಲ್ಲೇ ಇವರು" ಎಂದು ಮಗಳ ಮೇಲೆ ಹಾರಾಡಿದೆ. ಅವಳು ನಗುತ್ತಾ ಬೇರೊಂದು ಆ್ಯಪ್ ಹಾಕಿಕೊಟ್ಟಳು. ಅದರಲ್ಲಿ ಪ್ರಶ್ನೆ ಇಲ್ಲ, ಫೋನು ಹತ್ತಿರವಿಟ್ಟುಕೊಂಡು ನಡೆದರೆ ಸಾಕು. ಹೆಜ್ಜೆ ಎಣಿಸಿಕೊಂಡು ಪಾಯಿಂಟು ಕೊಡುತ್ತದೆ. ದಿನಕ್ಕೆ ಹತ್ತು ಸಾವಿರ ಹೆಜ್ಜೆವರೆಗೆ ಮಾತ್ರ, ಅದಕ್ಕಿಂತ ಹೆಚ್ಚು ನಡೆದರೆ ಅದು ನಮ್ಮ ಖುಷಿ.

ಅದರ ಬಹುಮಾನಗಳ ಪಟ್ಟಿಯಲ್ಲಿ ಒಂದು ಜೊತೆ ಬೂಟು ಇತ್ತು. ನೀಲಿ ಬಣ್ಣ, ಬಿಳಿ ಅಟ್ಟೆ, ಒಳಗೆ ಮೆತ್ತೆ. ನೋಡಿದ ಕೂಡಲೇ ನನಗೆ ನೆನಪಾದದ್ದು ನಮ್ಮವರ ಹಿಮ್ಮಡಿ. ಟೈರಿನ ಚಪ್ಪಲಿ ಮೆಟ್ಟಿ ಮೆಟ್ಟಿ ಎರಡೂ ಹಿಮ್ಮಡಿ ಸೀಳಿಹೋಗಿವೆ. ಚಳಿಗಾಲದಲ್ಲಿ ರಕ್ತ ಬರುತ್ತದೆ. ಎಣ್ಣೆ ಅರಿಶಿನ ಹಚ್ಚಿಕೊಳ್ಳಿ ಎಂದರೆ ಹೂಂ ಅನ್ನುತ್ತಾರೆ, ಹಚ್ಚಿಕೊಳ್ಳುವುದಿಲ್ಲ. ಈ ಬೂಟು ಅವರ ಕಾಲಿಗೆ ಬರಲೇಬೇಕು ಎಂದು ನಾನು ಹಟ ಹಿಡಿದೆ. ಅಂಗಡಿಯಲ್ಲಿ ಕೊಳ್ಳಬಹುದಿತ್ತಲ್ಲ ಅನ್ನಬೇಡಿ. ಕಾಸು ಕೊಟ್ಟು ತಂದಿದ್ದು ಅಂತ ಗೊತ್ತಾದರೆ ವಾಪಸು ಮಾಡಿ ಆ ದುಡ್ಡಿಗೆ ಕುರಿಗಳಿಗೆ ಔಷಧಿ ತರುವ ಮನುಷ್ಯ ಅದು.

ಆದರೆ ಹತ್ತು ಸಾವಿರ ಹೆಜ್ಜೆ ನಡೆಯಲು ನನಗೆಲ್ಲಿ ಪುರುಸೊತ್ತು? ನಾನೊಂದು ಉಪಾಯ ಮಾಡಿದೆ, ಹೇಳಿಕೊಳ್ಳಲು ಈಗ ನಾಚಿಕೆ. ಮಗಳ ಹಳೆಯ ಕಾಲುಚೀಲ ಹಾಕಿಕೊಂಡು, ಅದರೊಳಗೆ ಫೋನು ಸಿಕ್ಕಿಸಿ, ಮಿಷನ್ ತುಳಿದೆ. ಒಂದು ರವಿಕೆ ಮುಗಿಯುವಷ್ಟರಲ್ಲಿ ಮೂರು ಸಾವಿರ ಹೆಜ್ಜೆ! ನಡೆದ ಹೆಜ್ಜೆಗೆ ಮಾತ್ರ ಪಾಯಿಂಟು ಎಂದು ಅವರು ಸ್ಪಷ್ಟವಾಗಿಯೇ ಬರೆದಿದ್ದರು. ನಾನು ಓದದವಳ ಹಾಗೆ ಹದಿನೈದು ದಿನ ತುಳಿದೆ. ಒಂದು ಮಧ್ಯಾಹ್ನ ಇವರು ಬುತ್ತಿ ಮರೆತು ಮನೆಗೆ ಬಂದವರು ನನ್ನ ಕಾಲು ನೋಡಿ ಬಾಗಿಲಲ್ಲೇ ನಿಂತರು.

"ಇದೇನ್ ಕಣೇ, ಕೂತ್ಕಂಡೇ ನಡೀತಾ ಇದೀಯ?"

ವಿಷಯ ಹೇಳಿದೆ, ಬೂಟಿನದ್ದು ಮಾತ್ರ ಹೇಳಲಿಲ್ಲ. ಏನೋ ಬಹುಮಾನ ಬರುತ್ತೆ ಅಂದೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕು, "ಕೊಡಿಲ್ಲಿ, ನಾನೇ ತಗಂಡೋಯ್ತೀನಿ. ಹೆಂಗೂ ಕುರಿ ಹಿಂದೆ ಹೋಗೋನು" ಎಂದರು. ನಾನು ಒಂದು ಬಟ್ಟೆಯ ಚೀಲ ಹೊಲಿದು, ದಾರ ಕಟ್ಟಿ, ಫೋನು ಅದರೊಳಗಿಟ್ಟು ಅವರ ಸೊಂಟಕ್ಕೆ ಸಿಕ್ಕಿಸಿದೆ.

ಇಲ್ಲಿ ಒಂದು ಮಾತು ಒಪ್ಪಿಕೊಳ್ಳಬೇಕು. ಮದುವೆಯಾಗಿ ಇಪ್ಪತ್ತೆರಡು ವರ್ಷ, ಅವರ ಕೆಲಸದ ಬಗ್ಗೆ ನನಗಿದ್ದ ತಿಳಿವಳಿಕೆ ಇಷ್ಟೇ: ಬೆಳಿಗ್ಗೆ ಮಂದೆ ಬಿಡುತ್ತಾರೆ, ಕುರಿ ಮೇಯುತ್ತವೆ, ಇವರು ಯಾವುದೋ ಮರದ ಕೆಳಗೆ ಕಂಬಳಿ ಹಾಸಿಕೊಂಡು ಮಲಗುತ್ತಾರೆ, ಸಂಜೆ ವಾಪಸು. ಬೆನ್ನು ನೋವಾದಾಗಲೆಲ್ಲ ನಾನು "ನಿಮ್ಗೇನ್ರೀ, ಕುರಿ ತಾವೇ ಮೇಯ್ತವೆ, ರವಿಕೆ ತಾನೇ ಹೊಲ್ಕಳಲ್ಲ" ಎಂದು ಕುಟುಕುತ್ತಿದ್ದೆ. ಅವರು ಒಂದು ದಿನವೂ ಎದುರಾಡಿದವರಲ್ಲ. ಮನೆಯಲ್ಲಿ ಅವರ ಮಾತೇ ಕಡಿಮೆ.

ಆ ಮೊದಲ ಸಂಜೆ ಫೋನು ತೆಗೆದು ನೋಡಿದರೆ ಮೂವತ್ತೊಂದು ಸಾವಿರ ಹೆಜ್ಜೆ.

"ಟಗರಿಗೆ ಕಟ್ಟಿದ್ರಾ?" ಎಂದೆ.

"ಹೂಂ, ಟಗರಿಗೆ" ಎಂದು ನಕ್ಕು ಕೈಕಾಲು ತೊಳೆಯಲು ಹೋದರು. ಟಗರಿಗೇ ಕಟ್ಟಿದ್ದಾರೆ ಅಂತ ನಾನು ನಂಬಿಬಿಟ್ಟೆ. ನಂಬಿ ಸುಮ್ಮನಿದ್ದೆ ಕೂಡ, ಯಾಕೆಂದರೆ ಪಾಯಿಂಟು ಚೆನ್ನಾಗಿ ಬರುತ್ತಿತ್ತು.

ಸಂಕ್ರಾಂತಿ ಕಳೆಯಿತು. ಬೂಟಿಗೆ ಇನ್ನು ನಾಲ್ಕೈದು ದಿನದ ಪಾಯಿಂಟು ಬಾಕಿ ಇತ್ತು. ಒಂದು ಬೆಳಿಗ್ಗೆ ಆ್ಯಪ್ ತೆರೆದರೆ ಕೆಂಪು ಅಕ್ಷರ. ನಿಮ್ಮ ಖಾತೆಯಲ್ಲಿ ಅಸಹಜ ಚಟುವಟಿಕೆ ಕಂಡಿದೆ, ತಡೆಹಿಡಿಯಲಾಗಿದೆ, ನಡೆಯುವವರು ಯಾರು ಎಂದು ತೋರಿಸುವ ವಿಡಿಯೋ ಏಳು ದಿನದೊಳಗೆ ಕಳಿಸಿ, ಇಲ್ಲವಾದರೆ ಪಾಯಿಂಟುಗಳೆಲ್ಲ ರದ್ದು. ಮಿಷನ್ ತುಳಿದದ್ದು ಹೇಗೋ ಗೊತ್ತಾಗಿಬಿಟ್ಟಿದೆ, ನನ್ನ ಕಳ್ಳಾಟದಿಂದ ಇವರ ಕಾಲಿಗೆ ಬರುವ ಬೂಟು ಹೋಯಿತು ಎಂದು ದಿನವಿಡೀ ಒದ್ದಾಡಿದೆ. ಅದು ಸಾಲದು ಅಂತ ಟಗರಿನ ಚಿಂತೆ ಬೇರೆ. ವಿಡಿಯೋದಲ್ಲಿ ಟಗರನ್ನು ತೋರಿಸುವುದು ಹೇಗೆ?

ಭಾನುವಾರ ಮಗಳ ಫೋನು ಇಸಿದುಕೊಂಡು, ಅಡುಗೆ ಅವಳಿಗೆ ಒಪ್ಪಿಸಿ, ಇವರ ಜೊತೆ ಹೊರಟೆ. ನನ್ನ ಲೆಕ್ಕದಲ್ಲಿ ಅರ್ಧ ಗಂಟೆಯ ಕೆಲಸ. ಅವರು ನಾಲ್ಕು ಹೆಜ್ಜೆ ಹಾಕಲಿ, ಮುಖ ಕಾಣಲಿ, ಕಾಲು ಕಾಣಲಿ, ಪರದೆ ಮೇಲೆ ಹೆಜ್ಜೆ ಏರುವುದು ಕಾಣಲಿ, ಮುಗಿಯಿತು, ನಾನು ವಾಪಸು.

ವಿಡಿಯೋ ನಿಜಕ್ಕೂ ಅರ್ಧ ಗಂಟೆಯಲ್ಲಿ ಮುಗಿಯಿತು. ನಾನು ವಾಪಸು ಹೋಗಲಿಲ್ಲ. ಯಾಕೆಂದರೆ ಅಷ್ಟು ಹೊತ್ತಿಗೆ ಟಗರಿನ ಕತೆ ಸುಳ್ಳು ಎಂದು ಗೊತ್ತಾಗಿತ್ತು. ಈ ಮನುಷ್ಯ ನಿಲ್ಲುವುದೇ ಇಲ್ಲ! ಕುರಿಗಳು ರಾಗಿ ಕೊಯ್ದ ಹೊಲದಲ್ಲಿ ಹರಡಿಕೊಂಡರೆ ಎಡಗಡೆಯಿಂದ ಬಲಗಡೆಗೆ, ಬಲದಿಂದ ಎಡಕ್ಕೆ ಇವರ ಓಡಾಟ. ಪಕ್ಕದ ತೋಟದ ಬೇಲಿಯೊಳಗೆ ಎರಡು ನುಗ್ಗಿದರೆ ಅಲ್ಲಿಗೆ ಓಡಬೇಕು. ಒಂದು ಕುಂಟು ಕುರಿ ಹಿಂದೆ ಉಳಿದರೆ ಅದನ್ನು ಕರೆತರಲು ಬಂದ ದಾರಿಯಲ್ಲೇ ಮತ್ತೆ ಹೋಗಬೇಕು. ಮಂದೆ ಒಂದು ಮೈಲಿ ಹೋದರೆ ಇವರು ಮೂರು ಮೈಲಿ ನಡೆದಿರುತ್ತಾರೆ. ಬುತ್ತಿ ಬಿಚ್ಚುವ ಹೊತ್ತಿಗೇ ಹತ್ತು ಸಾವಿರ ದಾಟಿತ್ತು. ಕಂಬಳಿ ಹಾಸಿದ್ದು ನಾನು ಕೂರಲಿಕ್ಕೆ. ಅವರು ಒಂದು ಮರಿಯ ಗೊರಸಿಗೆ ಹೊಕ್ಕಿದ್ದ ಮುಳ್ಳು ಕೀಳಲು ಕೂತದ್ದು ಬಿಟ್ಟರೆ, ನಿಂತೇ ಮುದ್ದೆ ಮುರಿದರು.

ನನಗೆ ಇನ್ನೂ ಆಶ್ಚರ್ಯವಾದದ್ದು ಅವರ ಮಾತು. ಯಾವ ಕುರಿಯ ಅಜ್ಜಿ ಯಾವ ಸಂತೆಯಿಂದ ಬಂತು, ಯಾವ ತೋಟದವರು ಬೇಸಿಗೆಯಲ್ಲಿ ಗೊಬ್ಬರಕ್ಕೆ ಮಂದೆ ನಿಲ್ಲಿಸಿಕೊಂಡು ಎಳನೀರಿಗೂ ಕರೆಯಲಿಲ್ಲ, ಯಾವ ತೋಟದವರು ಕರೆದು ಊಟ ಹಾಕಿದರು, ಎಲ್ಲ ಹೇಳಿದರು. ಗುಡ್ಡದ ನೆತ್ತಿ ಹತ್ತಿದಾಗ ಕೋಲಿನ ತುದಿಯಿಂದ ತೋರಿಸಿ, "ಅಗೋ, ಬೋರನಕಣಿವೆ ಡ್ಯಾಮಿನ ನೀರು ನೋಡು. ಇಲ್ಲಿಂದ ನೋಡಿದ್ಯಾ ಯಾವತ್ತಾದ್ರೂ?" ಎಂದರು. ನೋಡಿರಲಿಲ್ಲ.

"ಮನೇಲಿ ಇಂಗೆಲ್ಲ ಮಾತಾಡಲ್ಲವಲ್ರೀ ನೀವು" ಎಂದೆ.

"ನಿನ್ ಮಿಷನ್ ಸದ್ದು ಬುಟ್ರೆ ತಾನೇ?"

ಇಳಿಯುವಾಗ ನನ್ನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಪಿನ್ನು ಹಾಕಿದೆ, ಅದೂ ಬಿಟ್ಟಿತು. ಇವರು ತಮ್ಮ ಟೈರಿನ ಚಪ್ಪಲಿ ನನ್ನ ಮುಂದೆ ಬಿಟ್ಟು ಬರಿಗಾಲಲ್ಲಿ ಮುಂದೆ ಹೋದರು. ಬೇಡ ಅಂತ ಕೂಗಿದೆ, ಕೇಳಿಸಿಕೊಳ್ಳಲಿಲ್ಲ. ಆ ಚಪ್ಪಲಿ ಎಷ್ಟು ಭಾರ ಅಂತ ಅವತ್ತು ನನಗೆ ಗೊತ್ತಾಯಿತು. ದೊಡ್ಡ ಚಪ್ಪಲಿಯಲ್ಲಿ ಕಾಲೆಳೆದುಕೊಂಡು, ಆ ಸೀಳಿದ ಹಿಮ್ಮಡಿಗಳನ್ನೇ ನೋಡುತ್ತಾ ಹಟ್ಟಿಯವರೆಗೂ ಅವರ ಹಿಂದೆ ನಡೆದೆ. ನಾನು ಆಡಿದ್ದ ಕುಟುಕು ಮಾತುಗಳೆಲ್ಲ ಒಂದೊಂದಾಗಿ ನೆನಪಾದವು. ರಾತ್ರಿ ಬೂಟಿನ ವಿಷಯವನ್ನೂ ಹೇಳಿಬಿಟ್ಟೆ. "ನಂಗ್ಯಾಕೆ ಬೂಟು" ಎಂದರು, ಅಷ್ಟೇ.

ವಿಡಿಯೋ ಕಳಿಸಿದ ನಾಲ್ಕನೇ ದಿನ ಆ್ಯಪಿನವರ ಉತ್ತರ ಬಂತು. ವಿಡಿಯೋ ಸರಿಯಾಗಿದೆ, ಖಾತೆಯ ತಡೆ ತೆಗೆದಿದ್ದೇವೆ, ತೊಂದರೆಗೆ ಕ್ಷಮಿಸಿ. ಕೆಳಗೆ ಅವರಿಗೆ ಅನುಮಾನ ಬಂದಿದ್ದ ದಿನಗಳ ಪಟ್ಟಿ. ನಾನು ಒಂದೊಂದೇ ತಾರೀಕು ಕ್ಯಾಲೆಂಡರಿಗೆ ಹಿಡಿದು ನೋಡಿದೆ. ಎಲ್ಲವೂ ಇವರು ನಡೆದ ದಿನಗಳು. ನಾನು ಮಿಷನ್ ತುಳಿದ ಹದಿನೈದು ದಿನದ ಬಗ್ಗೆ ಚಕಾರವಿಲ್ಲ. ನನ್ನ ಸುಳ್ಳು ಹೆಜ್ಜೆಗಳನ್ನು ಕಣ್ಣು ಮುಚ್ಚಿ ಒಪ್ಪಿಕೊಂಡವರು ಇವರ ನಿಜವಾದ ಹೆಜ್ಜೆಗೆ ಸಾಕ್ಷಿ ಕೇಳಿದ್ದರು. ಬೈಯೋಣ ಅಂತ ಬಾಯಿ ತೆರೆದೆ. ಆಮೇಲೆ, ಟಗರಿಗೆ ಕಟ್ಟಿದ್ರಾ ಎಂದು ನಾನೇ ಕೇಳಿದ್ದು ನೆನಪಾಗಿ ಬಾಯಿ ಮುಚ್ಚಿಕೊಂಡೆ.

ಪಾಯಿಂಟು ತುಂಬಿತು. ಇವರ ಚಪ್ಪಲಿಯನ್ನು ನನ್ನ ಟೇಪಿನಲ್ಲಿ ಅಳೆದು, ಒಂಬತ್ತನೇ ನಂಬರ್ ಎಂದು ಮಗಳಿಗೆ ಹೇಳಿ, ವಿಳಾಸ ತುಂಬಲು ಕೊಟ್ಟೆ. ಹತ್ತು ದಿನಕ್ಕೆ ಪಾರ್ಸೆಲ್ ಬಂತು. ಸಂಜೆ ಇವರು ಬಂದ ಮೇಲೆ ಅವರ ಕೈಯಲ್ಲೇ ಬಿಚ್ಚಿಸಿದೆ. ಫೋಟೋದಲ್ಲಿದ್ದ ಹಾಗೇ ನೀಲಿ ಬಣ್ಣ, ಬಿಳಿ ಅಟ್ಟೆ. ಆದರೆ ಬೂಟು ಇಷ್ಟೇ ಇಷ್ಟು. ಒಳಗೆ ನೋಡಿದರೆ ಐದನೇ ನಂಬರ್.

ನನ್ನ ಸಿಟ್ಟು ನೆತ್ತಿಗೇರಿತು. ಹೆಜ್ಜೆ ನಂಬಲಿಲ್ಲ, ಈಗ ಅಳತೆಯನ್ನೂ ತಪ್ಪಿಸಿದರು, ಬಿಟ್ಟರೆ ನಾನು ಮನುಷ್ಯಳೇ ಅಲ್ಲ ಎಂದು ಫೋನು ತೆಗೆದು ದೂರು ಬರೆಯಲು ಕೂತೆ. ನಾಲ್ಕು ಸಾಲು ಖಾರವಾಗಿ ಬರೆದೂ ಆಗಿತ್ತು. ಇವರು ಬೂಟಿನ ಒಳಗಿದ್ದ ಕಾಗದದ ಉಂಡೆ ತೆಗೆಯುತ್ತಾ ಮೆಲ್ಲಗೆ ಹೇಳಿದರು:

"ಬುಡೇ, ಅವ್ರನ್ನ ಬೈಬ್ಯಾಡ. ನಾನೇ ಮಗೀಗೆ ಹೇಳಿ ಆ ನಂಬರ್ ಹಾಕ್ಸಿದ್ದು."

"ಯಾಕ್ರೀ?"

"ಅವತ್ತು ನಿನ್ ಚಪ್ಲಿ ಕಿತ್ತೋಯ್ತಲ್ಲ. ಕಾಲಿಗೆ ಸರಿಯಾದ್ದೊಂದಿದ್ರೆ ಇನ್ನೊಂದಿನ ಬತ್ತೀಯೇನೋ ಅಂತ."

ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ನನ್ನ ಹತ್ತಿರ ಬಾಯಿಬಿಟ್ಟು ಕೇಳಿದ್ದು ಇದೊಂದೇ. ಅಳು ಬಂತು, ಅದನ್ನು ಮುಚ್ಚಿಡಲು, ದೊಡ್ಡವರು ಚಿಕ್ಕವರು ಇಬ್ಬರೂ ಸೇರಿ ನನಗೆ ಟೋಪಿ ಹಾಕಿದಿರಿ ಎಂದು ಜೋರು ಮಾಡಿದೆ. ಬರೆದ ದೂರನ್ನು ಅಳಿಸಿ, ಬೂಟು ಹಾಕಿಕೊಂಡು ಅಂಗಳದಲ್ಲಿ ಎರಡು ಸುತ್ತು ಬಂದೆ. ಸೀರೆಯ ಕೆಳಗೆ ನೀಲಿ ಬೂಟು ನೋಡಿ ನಮ್ಮ ನಾಯಿ ನನಗೇ ಬೊಗಳಿತು.

ಈಗ ಭಾನುವಾರ ಮಿಷನ್ನಿಗೆ ರಜ. ಮಗಳು ಮನೆ ನೋಡಿಕೊಳ್ಳುತ್ತಾಳೆ, ನಾನು ಬುತ್ತಿ ಕಟ್ಟಿಕೊಂಡು ಮಂದೆಯ ಹಿಂದೆ ಹೊರಡುತ್ತೇನೆ. ಒಂಬತ್ತನೇ ನಂಬರಿನ ಬೂಟಿಗೆ ಪಾಯಿಂಟು ಕೂಡಿಸುತ್ತಿದ್ದೇವೆ, ಈ ಸಲ ವಿಳಾಸ ತುಂಬುವವಳು ನಾನೇ. ಭಾನುವಾರ ಫೋನಿನ ಚೀಲ ನನ್ನ ಸೊಂಟದಲ್ಲಿರುತ್ತದೆ. "ನಿನ್ ಹೆಜ್ಜೆ ಚಿಕ್ಕವು ಕಣೇ, ಹತ್ತು ಸಾವಿರ ಬೇಗ ತುಂಬ್ತವೆ" ಎಂದು ಅವರೇ ಕಟ್ಟಿಸಿದ್ದು. ಗುಡ್ಡದ ನೆತ್ತಿ ಹತ್ತುವಷ್ಟರಲ್ಲಿ ಅಷ್ಟೂ ಮುಗಿದಿರುತ್ತದೆ. ಅಲ್ಲಿ ಒಂದು ಗಳಿಗೆ ನಿಂತು ನೀರು ನೋಡಿ, ಇಬ್ಬರೂ ಮುಂದಕ್ಕೆ ನಡೆಯುತ್ತೇವೆ.