ಏಳನೆಯ ಕೊಳವೆಯ ಬಾಯಾರಿಕೆ

ನನ್ನ ಅಕ್ಷರ ಕೋಳಿ ಕೆದಕಿದ ಹಾಗಿದೆ. ಓದು ಎಂಟನೆಯ ತರಗತಿಗೇ ನಿಂತಿದ್ದರಿಂದ ಮಾತುಗಳೂ ಸಾಲವು. ತಪ್ಪಿದ್ದರೆ ಮನ್ನಿಸಿ. ಚಿಕ್ಕಮ್ಮ ಹೇಳಿದ್ದನ್ನೇ ಬರೆದಿದ್ದೇನೆ.

ಚಿಕ್ಕಮ್ಮ ಒಂದು ಪ್ರಯೋಗಾಲಯದಲ್ಲಿ ಗಾಜಿನ ಸಾಮಾನು ತೊಳೆಯುತ್ತಾಳೆ. ಅಲ್ಲಿನ ಬೆಚ್ಚಗಿನ ಪೆಟ್ಟಿಗೆಯಲ್ಲಿ ಕೂದಲೆಳೆಯಷ್ಟು ಸಣ್ಣ ಹತ್ತು ಕೊಳವೆಗಳಿವೆ. ಅವುಗಳ ಒಳಗೋಡೆಯ ತುಂಬ ಮೂತ್ರಪಿಂಡದ ಜೀವಕೋಶಗಳು. ಪ್ರತಿ ಕೋಶಕ್ಕೂ ಒಂದು ರೋಮ. ಉಪ್ಪುನೀರು ಹರಿದಾಗ ಅದು ಬಾಗುತ್ತದೆ, ಬಾಗಿದ್ದರಿಂದಲೇ ಕೋಶಕ್ಕೆ ಹರಿವು ತಿಳಿಯುತ್ತದೆ. ಪ್ರತಿ ಕೊಳವೆಗೂ ಮೇಲೊಂದು ಉಪ್ಪುನೀರಿನ ಬಾಟಲಿ, ಬಾಟಲಿಯ ಕೆಳಗೆ ಎರಡು ಮರದ ತುಂಡು. ಅದಕ್ಕಿಂತ ಎತ್ತರವಾದರೆ ಒತ್ತಡ ಏರುತ್ತದೆ.

ಏಳನೆಯ ಕೊಳವೆ ಅಕ್ಕನದು. ಚಿಕ್ಕಮ್ಮನ ಅಕ್ಕ, ಅಂದರೆ ನನ್ನಮ್ಮ, ತೀರಿಕೊಂಡು ಐದು ತಿಂಗಳಾಗಿತ್ತು. ಆಪರೇಷನ್ನಿನಲ್ಲಿ ತೆಗೆದ ಮೂತ್ರಪಿಂಡದ ಚೂರನ್ನು ಅವಳೇ ಒಪ್ಪಿ ಕೊಟ್ಟಿದ್ದಳು. ಅವಳಿಲ್ಲ, ಅವಳ ಕೋಶಗಳಿವೆ. ಕೊನೆಯ ದಿನಗಳಲ್ಲಿ ಕುಡಿದ ನೀರು ಮೈಯಲ್ಲೇ ನಿಲ್ಲುತ್ತಿದ್ದರಿಂದ ಡಾಕ್ಟರು ಅವಳಿಗೆ ದಿನಕ್ಕೆ ಎರಡೇ ಲೋಟ ನೀರು ಎಂದಿದ್ದರು. “ಇನ್ನೊಂದು ಗುಟುಕು ಕೊಡೇ” ಎಂದು ಅಕ್ಕ ಅಂಗಲಾಚಿದರೆ ಚೊಂಬು ಬಚ್ಚಿಡುತ್ತಿದ್ದವಳು ಚಿಕ್ಕಮ್ಮನೇ.

ಒಂದು ಸಂಜೆ ಹೊರಡುವ ಮುನ್ನ ಅವಳು ಏಳನೆಯ ಬಾಟಲಿಯ ಕೆಳಗೆ ಇನ್ನೂ ಮೂರು ತುಂಡು ಇಟ್ಟಳು. “ಹೊಟ್ಟೆ ತುಂಬ ಕುಡಿಯೇ ಅಕ್ಕ.”

ಬೆಳಿಗ್ಗೆ ಪ್ರಯೋಗಾಲಯ ನಡೆಸುವ ಮೇಡಂ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟು, ಕಂಡದ್ದನ್ನು ಹೇಳಿದರು. ಕೊಳವೆ ಊದಿಕೊಂಡಿತ್ತು. ಕೆಲವು ಕೋಶಗಳು ಗೋಡೆ ಬಿಟ್ಟು ತೇಲುತ್ತಿದ್ದವು. ಚಿಕ್ಕಮ್ಮನಿಗೆ ಅಕ್ಕನ ಊದಿದ ಪಾದ ನೆನಪಾಯಿತು. ಬೆರಳೊತ್ತಿದರೆ ಗುಳಿ ಹಾಗೇ ಉಳಿಯುತ್ತಿತ್ತು.

“ಯಾರಮ್ಮ ಇದನ್ನ ಅಟ್ಟ ಹತ್ತಿಸಿದ್ದು?”

“ನಾನೇ ಮೇಡಂ. ಬಾಯಾರಿಕೆ ಆಗುತ್ತೇನೋ ಅಂತ.”

“ಅದಕ್ಕೆಲ್ಲಿ ಬಾಯಿ? ಹರಿಯೋದು ಗೊತ್ತಾದ್ರೆ ಸಾಕು ಅದಕ್ಕೆ. ಜಾಸ್ತಿಯಾದ್ರೆ ಉಬ್ಬುತ್ತೆ.”

“ಉಳಿಯುತ್ತಾ?”

“ನೋಡೋಣ. ಒಂದೊಂದೇ ತುಂಡು ತೆಗೀರಿ. ನೀವೇ ತೆಗೀರಿ.”

ಮೂರನೆಯದನ್ನು ತೆಗೆದ ಮೇಲೆ ಮೇಡಂ ಅವಳಿಗೂ ನೋಡಲು ಹೇಳಿದರು. ಅಷ್ಟು ಹೊತ್ತು ಬಾಟಲಿಗೆ ಬೆನ್ನು ಹಾಕಿ ಬಾಗಿದ್ದ ರೋಮಗಳು ಮೆಲ್ಲಗೆ ನೆಟ್ಟಗಾದವು. ಆಮೇಲೆ ಎಲ್ಲವೂ ಒಟ್ಟಿಗೆ ಬಾಟಲಿಯ ಕಡೆಗೇ ತಿರುಗಿದವು.

“ಉಬ್ಬಿದ್ದು ಕುಗ್ಗುವಾಗ ನೀರನ್ನ ಹಿಂದಕ್ಕೆ ತಳ್ಳುತ್ತೆ, ಅಷ್ಟೇ,” ಎಂದರು ಮೇಡಂ.

ಅಷ್ಟೇ ಇರಬಹುದು, ಎನ್ನುತ್ತಾಳೆ ಚಿಕ್ಕಮ್ಮ. ಆದರೆ ಲೋಟ ಹೊರಗೆ ಒಯ್ಯುವಾಗ ಅಕ್ಕನೂ ಹೀಗೆಯೇ, ತಲೆ ಎತ್ತದೆ, ಬರೀ ಕಣ್ಣು ತಿರುಗಿಸುತ್ತಿದ್ದಳು.

ಅರ್ಧದಷ್ಟು ಕೋಶ ಉಳಿದಿವೆ. ಆ ಬಾಟಲಿಯನ್ನು ಚಿಕ್ಕಮ್ಮ ಈಗ ಮುಟ್ಟುವುದಿಲ್ಲ. ಮೇಡಂ ಒಪ್ಪಿದ್ದಾರೆ, ನಾಳೆ ಬಾಟಲಿ ಬದಲಿಸುವಾಗ ನಾನೂ ಅವಳ ಜೊತೆ ಹೋಗಿ, ಅಳತೆಪಟ್ಟಿ ಹಿಡಿದು ಎತ್ತರ ನೋಡಿ, ಎರಡೇ ತುಂಡು ಇಡುತ್ತೇನೆ.